ಫಕೀರವ್ವನ ತಟ್ಟೆ

ನಮ್ಮೂರಿನ ಕ್ಷೌರದಂಗಡಿಯಲ್ಲಿ ಕತ್ತರಿಸಿದ ಕೂದಲನ್ನು ಗುಡಿಸಿ ಎಸೆಯುವುದಿಲ್ಲ. ಹಳೆಯ ಪತ್ರಿಕೆಯಲ್ಲಿ ಪೊಟ್ಟಣ ಕಟ್ಟಿ, ಮೇಲೆ ಹೆಸರು ಬರೆದು, ಆಯಾ ಗಿರಾಕಿಯ ಕೈಗೇ ಕೊಡುತ್ತಾರೆ. ಮೊದಲು ಹೀಗಿರಲಿಲ್ಲವಂತೆ. ಒಂದು ಮಧ್ಯಾಹ್ನ ಪೋಸ್ಟ್ ಮಾಸ್ತರರ ಮನೆಗೆ ಹಾವು ಹೊಕ್ಕಾಗ, ಮೂರು ಬೀದಿ ಆಚೆ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ, ಬೆಳಗ್ಗೆ ಕತ್ತರಿಸಿದ ಅವರ ಕೂದಲು ನೆಟ್ಟಗೆ ಎದ್ದು ನಿಂತಿತಂತೆ. ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಿದ್ದವರು ಹಾಗೇ ಬೀದಿಗೆ ಓಡಿದ್ದರಂತೆ. ದೇಹದಿಂದ ಬೇರೆಯಾದದ್ದು ದೇಹವನ್ನು ಮರೆಯುವುದಿಲ್ಲ. ಇದನ್ನು ನಮ್ಮಲ್ಲಿ ಯಾರೂ ಯಾರಿಗೂ ಕಲಿಸಬೇಕಾಗಿಲ್ಲ. ದಾರಿ ಮಾತ್ರ ಒಂದೇ ಕಡೆಗೆ. ಕೂದಲನ್ನು ಒಲೆಗೆ ಹಾಕಿದರೆ ಪೋಸ್ಟ್ ಮಾಸ್ತರರಿಗೆ ಏನೂ ಆಗುವುದಿಲ್ಲ, ಆದರೆ ಅವರು ಬೆವರಿದರೆ ಪೊಟ್ಟಣ ಒದ್ದೆಯಾಗುತ್ತದೆ. ರಕ್ತ ಕೊಟ್ಟವರು ಮೂರು ತಿಂಗಳು ಜಗಳ ಆಡಬಾರದು ಎಂದು ಆಸ್ಪತ್ರೆಯವರು ಬುದ್ಧಿ ಹೇಳಿ ಕಳಿಸುತ್ತಾರೆ. ರೇಷನ್ ಅಂಗಡಿಯ ವೀರಪ್ಪನ ರಕ್ತ ಹಾಕಿಸಿಕೊಂಡ ಸಂಗೀತದ ಮೇಷ್ಟ್ರೊಬ್ಬರಿಗೆ, ಅವನು ಸಕ್ಕರೆ ಹಂಚುತ್ತ ಜಗಳವಾಡುವ ದಿನ ಬೆಳಗ್ಗೆ ಹತ್ತರಿಂದ ಕಿವಿ ಕೆಂಪಗಾಗುತ್ತಿತ್ತು.

ನಮ್ಮ ತಂದೆ ಸೇತುವೆ ಕೆಲಸದ ಮೇಸ್ತ್ರಿ. ತಿಂಗಳಲ್ಲಿ ಇಪ್ಪತ್ತು ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಹೊರಡುವ ಮುಂಚೆ ಉಗುರು ಕತ್ತರಿಸಿ ಗಾಜಿನ ಬಾಟಲಿಯೊಂದಕ್ಕೆ ಹಾಕಿ ಹೋಗುತ್ತಿದ್ದರು. ಶಾಲೆಗೆ ಹೋಗುವ ಮುಂಚೆ ಅದನ್ನು ನೋಡಿ ಅಮ್ಮನಿಗೆ ಹೇಳುವುದು ನನ್ನ ಕೆಲಸ. ತಿಳಿಗುಲಾಬಿ ಇದ್ದರೆ ಸುಖ. ಹಳದಿಗೆ ತಿರುಗಿದ್ದರೆ ಹಸಿವೋ ಹೆದರಿಕೆಯೋ. ನೀಲಿಯಾದರೆ ಉಸಿರಿಗೆ ಏನೋ ಆಗಿದೆ. ನನಗೆ ಒಂಬತ್ತು ವರ್ಷವಿದ್ದಾಗ ಒಂದು ದಿನ ಉಗುರೆಲ್ಲ ನೀಲಿ ಕಂಡಿತು. ಹೇಳಿದೆ. ಅಮ್ಮ ರೊಟ್ಟಿ ಹಿಟ್ಟಿನ ಕೈ ತೊಳೆಯದೆ ಬಸ್ಸು ಹತ್ತಿದರು. ಎಂಟು ಗಂಟೆ ಪ್ರಯಾಣ ಮಾಡಿ ಹೋಗಿ ನೋಡಿದರೆ ಅಪ್ಪ ಅರ್ಧ ಕಟ್ಟಿದ ಸೇತುವೆಯ ನೆರಳಿನಲ್ಲಿ ಕಡಲೆಕಾಯಿ ಬಿಡಿಸುತ್ತ ಕೂತಿದ್ದರು. ಹಿಂದಿನ ದಿನ ಹಳೆಯ ಬಾಟಲಿ ಸೀಳು ಬಿಟ್ಟಿತ್ತೆಂದು ಅಮ್ಮನೇ ಉಗುರನ್ನು ನೀಲಿ ಗಾಜಿನ ಎಣ್ಣೆ ಬಾಟಲಿಗೆ ಹಾಕಿದ್ದರು, ಹಾಕಿದ್ದನ್ನು ಮರೆತಿದ್ದರು. ನಾನು ಉಗುರು ನೋಡಿದ್ದೆ, ಬಾಟಲಿ ನೋಡಿರಲಿಲ್ಲ.

ಊರಿಗೆ ಬಂದ ಅಪ್ಪ ಬೈಯಲಿಲ್ಲ. "ಮೊದಲು ಬಾಟಲಿ ನೋಡು ಮಗಳೇ, ಆಮೇಲೆ ಒಳಗಿರೋದನ್ನ ನೋಡು," ಎಂದರು. ಅಮ್ಮ ಮಾತ್ರ ವರ್ಷಗಟ್ಟಲೆ ನೆಂಟರ ಮುಂದೆ ಈ ಕಥೆ ಹೇಳಿ ನಗುತ್ತಿದ್ದರು. ನಾನು ನಗುತ್ತಿರಲಿಲ್ಲ. ಅಂದಿನಿಂದ ಏನು ಹೇಳಬೇಕಾದರೂ ಮೂರು ಸಲ ಯೋಚಿಸುವ ಅಭ್ಯಾಸ ಅಂಟಿಕೊಂಡಿತು. ಬೀಗ ಹಾಕಿದ ಬಾಗಿಲನ್ನು ಹಿಂತಿರುಗಿ ಬಂದು ತಳ್ಳಿ ನೋಡುವ ಜಾತಿಗೆ ಸೇರಿಬಿಟ್ಟೆ. ಎಂ.ಎಸ್ಸಿ. ಮುಗಿಸಿ ವೈದ್ಯಕೀಯ ಸಂಶೋಧನೆಯ ವಿಭಾಗಕ್ಕೆ ಅರ್ಜಿ ಹಾಕಿದಾಗ ಅಲ್ಲಿನ ಮುಖ್ಯಸ್ಥರಾದ ತಿಪ್ಪೇಸ್ವಾಮಿ ಸರ್ ಸಂದರ್ಶನದಲ್ಲಿ ನನ್ನ ಅಂಕಪಟ್ಟಿಯನ್ನು ಬಿಚ್ಚಲೇ ಇಲ್ಲ. "ಒಂದೊಂದು ಪ್ರಶ್ನೆಗೂ ಉತ್ತರ ಕೊಡೋ ಮುಂಚೆ ಮೇಜು, ಕಿಟಕಿ, ನನ್ನ ಮುಖ ಎಲ್ಲಾ ನೋಡ್ತೀಯಲ್ಲ ಕುಮುದಾ. ಹೊರಗಡೆ ಇದಕ್ಕೆ ಪುಕ್ಕಲುತನ ಅಂತಾರೆ. ಲ್ಯಾಬಿನಲ್ಲಿ ಉಪಯೋಗಕ್ಕೆ ಬರುತ್ತೆ. ಸೇರ್ಕೋ," ಎಂದರು.

ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಯಾಕೆ ಬೇಗ ಮಾಯುವುದಿಲ್ಲ ಎಂಬುದು ನನ್ನ ವಿಷಯ. ದಾನಿಯ ತೋಳಿನ ಒಳಭಾಗದಿಂದ ಎಳ್ಳಿನಷ್ಟು ಚರ್ಮ ತೆಗೆದು, ಅದರ ಜೀವಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಬೇಕು. ಮೈಯಷ್ಟೇ ಬೆಚ್ಚಗಿರುವ ಪೆಟ್ಟಿಗೆಯಲ್ಲಿಟ್ಟು ಸಾಕಬೇಕು. ತಟ್ಟೆಯ ತಳ ತುಂಬಿದ ಮೇಲೆ ಸೂಜಿಯಿಂದ ನಡುವೆ ಒಂದು ಗೀರು ಎಳೆದು, ಎರಡು ದಡದ ಜೀವಕೋಶಗಳು ತೆವಳಿ ಬಂದು ಅದನ್ನು ಮುಚ್ಚಲು ಎಷ್ಟು ಗಂಟೆ ಹಿಡಿಯುತ್ತದೆ ಎಂದು ನೋಡಬೇಕು. ಬೇರೆ ಊರುಗಳಲ್ಲಿ ಒಬ್ಬರದನ್ನೇ ಹತ್ತು ತಟ್ಟೆಗೆ ಹಂಚಿ, ಐದಕ್ಕೆ ಔಷಧಿ ಹಾಕಿ, ಐದನ್ನು ಹಾಗೇ ಬಿಟ್ಟು ಹೋಲಿಸುತ್ತಾರಂತೆ. ನಮ್ಮೂರಿನಲ್ಲಿ ಅದಕ್ಕೆ ಯಾರೂ ಒಪ್ಪುವುದಿಲ್ಲ. ಒಬ್ಬರದು ಒಂದೇ ಕಡೆ ಇರಬೇಕು. ಹಾಗಾಗಿ ಅದೇ ತಟ್ಟೆಯನ್ನು ಆರು ತಿಂಗಳು ಔಷಧಿ ಇಲ್ಲದೆ, ಇನ್ನಾರು ತಿಂಗಳು ಔಷಧಿ ಹಾಕಿ ನೋಡುವುದು ನಮ್ಮ ಪದ್ಧತಿ. ಆ ಒಂದು ವರ್ಷ ದಾನಿ ತಮ್ಮ ಬದುಕನ್ನು ಬದಲಾಯಿಸಬಾರದು. 'ನಾನು ಈಗ ಹೇಗಿದ್ದೇನೋ ಹಾಗೆಯೇ ಇರುತ್ತೇನೆ' ಎಂಬ ಕಾಗದಕ್ಕೆ ಅವರ ಸಹಿ ತೆಗೆದುಕೊಳ್ಳುತ್ತೇವೆ.

ನನ್ನ ದಾನಿ ಫಕೀರವ್ವ. ಕಾಲೇಜಿನ ಹಿಂದಿರುವ ಪ್ರಾಥಮಿಕ ಶಾಲೆಯಲ್ಲಿ ಗಂಟೆ ಹೊಡೆಯುವ ಆಯಾ. ವಯಸ್ಸು ಐವತ್ತೆಂಟು, ಒಂಟಿ, ಎಡಗಾಲಿನ ಹಿಮ್ಮಡಿಯಲ್ಲಿ ಎರಡು ವರ್ಷದ ಗಾಯ. ಹೊಳೆಯಾಚೆಯ ಮಾತು. ಎಲ್ಲ ಕೇಳಿಸಿಕೊಂಡು ಕಾಗದಕ್ಕೆ ಹೆಬ್ಬೆಟ್ಟು ಒತ್ತುತ್ತ, "ಇದ್ದಂಗ ಇರೂದಾ? ಅದರಾಗೇನೈತಿ ಕಷ್ಟ. ಐವತ್ತು ವರ್ಷದಿಂದ ಅದ ಕೆಲಸ ಮಾಡಾಕತ್ತೀನಿ," ಎಂದಿದ್ದಳು.

ವಾರಕ್ಕೊಮ್ಮೆ, ಸೋಮವಾರ, ಶಾಲೆಯ ಗೇಟಿನಲ್ಲಿ ಅವಳನ್ನು ಕಂಡು ಒಂದು ಫಾರಂ ತುಂಬಿಸಿಕೊಳ್ಳುತ್ತಿದ್ದೆ. ಊಟದಲ್ಲಿ ಬದಲಾವಣೆ ಉಂಟೇ, ನಿದ್ದೆಯಲ್ಲಿ ಉಂಟೇ, ಔಷಧಿಯಲ್ಲಿ ಉಂಟೇ. ಅವಳದು ಒಂದೇ ಉತ್ತರ. "ಏನೂ ಇಲ್ಲವಾ. ಅದ ಬಾಳೇವು, ಅದ ಗಂಟಿ." ಆಮೇಲೆ ಅವಳ ಸರದಿ. "ಹೆಂಗದಾವು ನನ್ನವು?" ಜೀವಕೋಶಗಳ ಬಗ್ಗೆ ಅವಳು ಯಾವಾಗಲೂ ಸಾಕಿದ ಮರಿಗಳ ಬಗ್ಗೆ ಕೇಳುವಂತೆ ಕೇಳುತ್ತಿದ್ದಳು. ಚೆನ್ನಾಗಿವೆ ಎನ್ನುತ್ತಿದ್ದೆ. "ಹೊಟ್ಟಿ ತುಂಬ ಹಾಕತಿ ಇಲ್ಲ? ನಮ್ಮ ಮನಿತನದಾಗ ತಿನ್ನೂದು ಜಾಸ್ತಿ." ಇಷ್ಟು ಮಾತಾಗುವಷ್ಟರಲ್ಲಿ ಗಂಟೆಯ ಹೊತ್ತಾಗುತ್ತಿತ್ತು.

ಮೊದಲ ಆರು ತಿಂಗಳು ಅವಳ ತಟ್ಟೆಯ ಗೀರು ಮುಚ್ಚಲು ನಲವತ್ತೊಂದು ಗಂಟೆ ಹಿಡಿಯುತ್ತಿತ್ತು. ಆರೋಗ್ಯವಂತರದು ಹದಿನೆಂಟಕ್ಕೆ ಮುಚ್ಚುತ್ತದೆ. ಏಳನೆಯ ತಿಂಗಳು ಹನ್ನೆರಡನೇ ನಮೂನೆಯನ್ನು ಹಾಕತೊಡಗಿದೆ. ಅದು ಒಂದು ಬೇರಿನ ಸತ್ವ. ಅದಕ್ಕಿಂತ ಮುಂಚಿನ ಹನ್ನೊಂದನ್ನು ನನ್ನ ಹಿಂದಿನವರು ನೋಡಿ ಕೈಬಿಟ್ಟಿದ್ದರು. ಮೊದಲ ವಾರ ಮೂವತ್ತೆಂಟು ಗಂಟೆ. ಮೂರನೆಯ ವಾರ ಮೂವತ್ತಮೂರು. ವರ್ಷ ಮುಗಿಯುವ ಹೊತ್ತಿಗೆ ಹದಿನೇಳು. ಔಷಧಿಯ ಗುಣವೇ ಆಗಿದ್ದರೆ ಮೊದಲ ವಾರವೇ ಇಳಿಯಬೇಕಿತ್ತಲ್ಲ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಯಾಕೆ ಇಳಿಯುತ್ತಿದೆ ಎಂದು ನನಗೆ ಕಿರಿಕಿರಿಯಾಗಿತ್ತು. ಪೆಟ್ಟಿಗೆಯ ಶಾಖ ಅಳೆದೆ. ನೀರು ಬದಲಾಯಿಸಿ ನೋಡಿದೆ. ಸೂಜಿ, ಗಾಜು, ಗಡಿಯಾರ ಎಲ್ಲವನ್ನೂ ಪರೀಕ್ಷಿಸಿದೆ. ಅಪ್ಪ ಹೇಳಿದ್ದ ಬಾಟಲಿಯನ್ನು ನಾನು ಅಷ್ಟು ಶ್ರದ್ಧೆಯಿಂದ ಇನ್ಯಾವತ್ತೂ ನೋಡಿರಲಿಲ್ಲ. ಎಲ್ಲಿಯೂ ತಪ್ಪಿರಲಿಲ್ಲ. ಪ್ರಬಂಧ ಬರೆದೆ. ತಿಪ್ಪೇಸ್ವಾಮಿ ಸರ್ ಎರಡು ಸಲ ಓದಿ, ಸದಾ ಕೈಯಲ್ಲಿರುತ್ತಿದ್ದ ಏಲಕ್ಕಿ ಡಬ್ಬಿಯನ್ನು ಅವತ್ತೇ ಮೊದಲ ಬಾರಿಗೆ ನನ್ನೆದುರು ತೆರೆದು ಹಿಡಿದರು. ವೈವಾ ಮುಗಿದ ಮರುದಿನದಿಂದ ವಿಭಾಗದಲ್ಲಿ ಪಾಠ ಮಾಡುವ ಹುದ್ದೆ ನನಗೆ ಎಂದಾಗಿತ್ತು. ಮುಂದಿನ ತಿಂಗಳು ಆಸ್ಪತ್ರೆಯ ಗಾಯದ ವಾರ್ಡಿನವರಿಗೆ ಹನ್ನೆರಡನೇ ನಮೂನೆ ಕೊಡಲು ಶುರುಮಾಡುವುದಾಗಿಯೂ ನಿರ್ಧಾರವಾಗಿತ್ತು.

ವೈವಾಕ್ಕೆ ದಾನಿಯನ್ನು ಮನೆಗೇ ಹೋಗಿ ಕರೆಯುವುದು ಕ್ರಮ. ಮುಂದಿನ ಸಾಲಿನಲ್ಲಿ ಅವರಿಗೆ ಕುರ್ಚಿ ಹಾಕುತ್ತಾರೆ. ಎರಡು ದಿನ ಮುಂಚೆ, ಸಂಜೆ ಐದಕ್ಕೆ, ಹೂವು ಹಣ್ಣು ಹಿಡಿದು ಮೊದಲ ಸಲ ಫಕೀರವ್ವನ ಮನೆಯ ಬಾಗಿಲಲ್ಲಿ ನಿಂತೆ. ಒಳಗಿನಿಂದ ಇಬ್ಬರು ಹೆಂಗಸರ ನಗು ಕೇಳಿಸುತ್ತಿತ್ತು. ಒಂಟಿ ಎಂದು ಫಾರಮ್ಮಿನಲ್ಲಿ ನಾನೇ ಬರೆದಿದ್ದೆ. ಬಾಗಿಲು ತಳ್ಳಿದೆ. ಫಕೀರವ್ವ ಗೋಡೆಗೆ ಒರಗಿ, ಎಡಗಾಲನ್ನು ಮಣೆಯ ಮೇಲಿಟ್ಟ ದಿಂಬಿನ ಮೇಲೆ ಚಾಚಿ ಕೂತಿದ್ದಳು. ಅವಳದೇ ಮೂಗು, ಅವಳದೇ ಗದ್ದ ಇದ್ದ ಇನ್ನೊಬ್ಬಳು ಆ ಹಿಮ್ಮಡಿಯನ್ನು ಬಿಸಿನೀರಿನ ಬಟ್ಟೆಯಿಂದ ಒತ್ತಿ ಒರೆಸುತ್ತಿದ್ದಳು. ಗಾಯ ಇದ್ದ ಕಡೆ ಹೊಸ ಚರ್ಮ, ಎಳೆಯ ಮಾವಿನೆಲೆಯ ಬಣ್ಣದ್ದು.

ಹಣ್ಣಿನ ಚೀಲ ನನ್ನ ಕೈಯಲ್ಲೇ ಉಳಿಯಿತು. ಫಕೀರವ್ವ ಸೆರಗಿನಿಂದ ಕಾಲು ಮುಚ್ಚಿಕೊಳ್ಳಲು ನೋಡಿದಳು, ಆಮೇಲೆ ಬಿಟ್ಟುಬಿಟ್ಟಳು. "ಬಾರವಾ, ಕುಂದ್ರು. ಇಕಿ ನಾಗವ್ವ, ನನ್ನ ತಂಗಿ," ಎಂದಳು.

ತಾಯಿ ತೀರಿಕೊಂಡ ಮೇಲೆ ಅವಳ ಕೂದಲಿನ ಪೊಟ್ಟಣ ಯಾರ ಮನೆಯಲ್ಲಿರಬೇಕು ಎಂದು ಅಕ್ಕತಂಗಿಯರಿಗೆ ಜಗಳವಾಗಿ ಹನ್ನೊಂದು ವರ್ಷ ಮಾತಿರಲಿಲ್ಲ. ನಾಗವ್ವ ಇದನ್ನು ಬಟ್ಟೆ ಹಿಂಡುತ್ತಲೇ ಹೇಳಿದಳು. "ಸಿಟ್ಟಿಲೆ ಹೋಗಬೇಕಾದ್ರ ಅಕ್ಕನ ಬಾಚಣಿಗಿ ಹೊಡಕೊಂಡು ಹೋಗಿದ್ದೆ. ಅದರಾಗ ನಾಕು ಎಳಿ ಕೂದಲ ಇದ್ದುವು. ಹೋದ ವರ್ಷ ನೋಡತೀನಿ, ಹೊಲಕ್ಕ ನೀರಿಲ್ಲದ ಪೈರಿನಂಗ ಜೋತು ಬಿದ್ದಾವು. ಮಾತು ಬ್ಯಾಡ, ಮಾರಿ ಬ್ಯಾಡ, ಬರೇ ನೋಡಿ ಹೋಗೂಣು ಅಂತ ಬಂದೆ. ಹೋಗಾಕ ಆಗಲಿಲ್ಲ." ಬಂದವಳು ಅಕ್ಕನನ್ನು ಕೂರಿಸಿ, ಶಾಲೆಯ ಗಂಟೆಯನ್ನು ತಾನೇ ಹೊಡೆಯತೊಡಗಿದ್ದಳು. ದಿನಕ್ಕೆರಡು ಸಲ ಗಾಯ ತೊಳೆದಿದ್ದಳು. ಅಕ್ಕ ದಿನಕ್ಕೆ ಎಂಟು ಲೋಟ ಕುಡಿಯುತ್ತಿದ್ದ ಬೆಲ್ಲದ ಚಹಾ ಬಿಡಿಸಿದ್ದಳು. ಫಕೀರವ್ವ ಸೋಮವಾರ ಮಾತ್ರ ಎದ್ದು ಗೇಟಿಗೆ ಬಂದು ನಿಲ್ಲುತ್ತಿದ್ದಳು, ನನಗಾಗಿ.

ನಾಗವ್ವ ಬಂದದ್ದು ಯಾವಾಗ ಎಂದು ಕೇಳಿದೆ. ಲೆಕ್ಕ ಹಾಕಿ ಹೇಳಿದಳು. ನಾನು ಹನ್ನೆರಡನೇ ನಮೂನೆಯ ಮೊದಲ ಹನಿ ಹಾಕಿದ್ದಕ್ಕಿಂತ ಮೂರು ದಿನ ಮುಂಚೆ.

"ಯಾಕೆ ಹೇಳಲಿಲ್ಲ ಫಕೀರವ್ವ?" ಎಂದೆ.

"ಹೆಬ್ಬಟ್ಟು ಒತ್ತಿದ್ನಲ್ಲವಾ. ಇದ್ದಂಗ ಇರತೀನಿ ಅಂತ ಮಾತು ಕೊಟ್ಟಿದ್ದೆ. ಆರಾಮ ಆದ್ರ ನಿನ್ನ ಪುಸ್ತಕ ಕೆಡತೈತಿ ಅಂತ ತಿಳಕೊಂಡೆ." ಮಣೆಯಿಂದ ಕಾಲು ಇಳಿಸಿ ಸೇರಿಸಿದಳು. "ಈಗ ಹೇಳಬ್ಯಾಡ. ಕೊಟ್ಟ ಮಾತಿಗೆ ತಪ್ಪಿದಾಕಿ ಅಂತ ಊರಾಗ ಆಡಿಕೋತಾರ. ನಿನ್ನ ನೌಕರೀನೂ ಹೋಗತೈತಿ. ಯಾರಿಗೆ ಲಾಭ?"

ನಾಗವ್ವ ನನ್ನ ಕೈಯಿಂದ ಹಣ್ಣಿನ ಚೀಲ ತೆಗೆದುಕೊಂಡು, "ಬಾಳೆಹಣ್ಣು ಅಕ್ಕಗ ಇಲ್ಲ, ನನಗ," ಎಂದಳು.

ಆ ಎರಡು ದಿನ ನಾನು ಯಾರಿಗೂ ಏನೂ ಹೇಳಲಿಲ್ಲ. ಪ್ರಬಂಧದಲ್ಲಿ ಸುಳ್ಳಿನ ಒಂದು ಅಂಕಿಯೂ ಇರಲಿಲ್ಲ, ಹದಿನೇಳು ಗಂಟೆ ನಿಜವಾಗಿಯೂ ಹದಿನೇಳು ಗಂಟೆಯೇ. ಹೀಗೆ ಸಮಾಧಾನ ಮಾಡಿಕೊಂಡ ಹತ್ತು ನಿಮಿಷಕ್ಕೆ ಗಾಯದ ವಾರ್ಡು ನೆನಪಾಗುತ್ತಿತ್ತು. ಅಲ್ಲಿನವರು ಹನ್ನೆರಡನೇ ನಮೂನೆ ಇದೆಯಲ್ಲ ಎಂದು ಕಾಲು ತೊಳೆಯುವುದನ್ನು ಬಿಟ್ಟರೆ? ಮತ್ತೆ ಫಕೀರವ್ವ ನೆನಪಾಗುತ್ತಿದ್ದಳು. ನಮ್ಮೂರಿನಲ್ಲಿ ಮಾತು ತಪ್ಪಿದ ದಾನಿಯನ್ನು ಮದುವೆ ಮನೆಯಲ್ಲೂ ತೋರಿಸಿ ಮಾತಾಡುತ್ತಾರೆ. ಲ್ಯಾಬಿನ ಬಾಗಿಲಿನ ಬೀಗವನ್ನು ಆ ದಿನಗಳಲ್ಲಿ ಎಷ್ಟು ಸಲ ಎಳೆದು ನೋಡಿದೆನೋ ಗೊತ್ತಿಲ್ಲ.

ವೈವಾದ ದಿನ ದಾನಿಯ ತಟ್ಟೆಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು, ಅದರ ಚಿತ್ರವನ್ನು ಸಭಾಂಗಣದ ಪರದೆಯ ಮೇಲೆ ಬಿಡುತ್ತಾರೆ. ಯಾರ ಬಗ್ಗೆ ಮಾತಾಡುತ್ತಿದ್ದೇವೋ ಅವರು ಎಲ್ಲರಿಗೂ ಕಾಣಿಸಬೇಕು ಎಂಬುದು ಉದ್ದೇಶ. ಮುಂದಿನ ಸಾಲಿನಲ್ಲಿ ಫಕೀರವ್ವ ಹೊಸ ಇಳಕಲ್ ಸೀರೆಯಲ್ಲಿ, ಪಕ್ಕದಲ್ಲಿ ನಾಗವ್ವ. ಅವರ ತಲೆಯ ಮೇಲೆ ಗೋಡೆಯಗಲ ಫಕೀರವ್ವನ ಜೀವಕೋಶಗಳು, ಒಂದಕ್ಕೊಂದು ಅಂಚು ತಾಗಿಸಿಕೊಂಡು ಹಾಸಿದ ಕಲ್ಲಿನಂತೆ ನೆಮ್ಮದಿಯಾಗಿ ಮಲಗಿದ್ದವು. ನಲವತ್ತು ನಿಮಿಷ ಮಾತಾಡಿದೆ. ಎಲ್ಲಿಯೂ ತಡವರಿಸಲಿಲ್ಲ. ಬರೆದದ್ದನ್ನಷ್ಟೇ ಹೇಳಿದೆ.

ಹೊರಗಿನ ಪರೀಕ್ಷಕರು ಬೇರೆ ಊರಿನ ವಯಸ್ಸಾದ ಹೆಂಗಸು. ಕತ್ತರಿಸಿದ ಕೂದಲು ಬರೀ ಕೂದಲಾಗುವ ಊರಿನವರು. ನಮ್ಮ ಪದ್ಧತಿಗಳನ್ನು ಓದಿಕೊಂಡು ಬಂದಿದ್ದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿದರು. "ಒಂದು ಸಣ್ಣ ವಿಷಯ. ಈ ಅಂಕಿಗಳು ನಿಧಾನವಾಗಿ ಇಳಿದಿವೆ. ಆ ಸಮಯದಲ್ಲಿ ದಾನಿಯ ಬದುಕಿನಲ್ಲಿ ಏನಾದರೂ ಬದಲಾಗಿತ್ತಾ?"

ಉತ್ತರ ಕೊಡುವ ಮುಂಚೆ ಅಭ್ಯಾಸದಂತೆ ಸುತ್ತ ನೋಡಿದೆ. ಮೇಜು, ಕಿಟಕಿ, ಪರದೆ. ಪರದೆಯ ಮೇಲೆ ಜೀವಕೋಶಗಳು ಅಂಚು ಒಳಗೆಳೆದುಕೊಳ್ಳುತ್ತಿದ್ದವು. ಮುಟ್ಟಿದರೆಮುನಿ ಗಿಡವನ್ನು ಮುಟ್ಟಿದ ಹಾಗೆ, ಒಂದೊಂದಾಗಿ, ನಡುವೆ ಬಿರುಕು ಬಿಡುತ್ತ. ಕೆಳಗೆ ಕುರ್ಚಿಯಲ್ಲಿ ಫಕೀರವ್ವ ನನ್ನ ಕಡೆ ನೋಡುತ್ತಿರಲಿಲ್ಲ. ಸೀರೆಯ ಮಡಿಕೆಯನ್ನು ನೋಡುತ್ತಿದ್ದಳು. ಸಭೆಯಲ್ಲಿದ್ದವರೆಲ್ಲ ಪರದೆ ನೋಡಿದರು, ಅವಳನ್ನು ನೋಡಿದರು. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನು ಇಲ್ಲ ಎಂದಿದ್ದರೂ ಆ ಸುಳ್ಳು ಅವಳ ತಲೆಗೇ ಬರುತ್ತಿತ್ತು.

"ಬದಲಾಗಿತ್ತು," ಎಂದೆ. "ಅವರನ್ನು ನೋಡಿಕೊಳ್ಳಲು ಅವರ ತಂಗಿ ಬಂದರು. ಗಾಯ ತೊಳೆದರು. ಅವರು ಕಾಲ ಮೇಲೆ ನಿಂತು ಕೆಲಸ ಮಾಡದಂತೆ ನೋಡಿಕೊಂಡರು. ನನಗೆ ಗೊತ್ತಾಗಿದ್ದು ಮೊನ್ನೆ. ಮೊದಲೇ ಗೊತ್ತಾಗಬೇಕಿತ್ತು. ನಾನು ವರ್ಷವಿಡೀ ಸೋಮವಾರ ಸೋಮವಾರ ಗೇಟಿನಲ್ಲಿ ನಿಂತು, ಏನಾದರೂ ಬದಲಾಗಿದೆಯಾ ಎಂದು ಕೇಳಿದೆ. ಒಮ್ಮೆಯೂ ಮನೆಯೊಳಗೆ ಹೋಗಿ ಕೂರಲಿಲ್ಲ. ಕಾಯಿಲೆಯವರೊಬ್ಬರಿಗೆ ಒಂದು ವರ್ಷ ಹೀಗೇ ಇರಿ ಎಂದು ಕಾಗದ ಬರೆದು ಸಹಿ ತೆಗೆದುಕೊಂಡೆವು. ವಾಸಿಯಾದರೆ ಅದನ್ನು ಬಚ್ಚಿಡಬೇಕಾದ ಸ್ಥಿತಿಗೆ ಅವರನ್ನು ತಂದದ್ದು ಆ ಕಾಗದ. ಅದನ್ನು ಓದಿ ಹೇಳಿದವಳು ನಾನೇ. ಹನ್ನೆರಡನೇ ನಮೂನೆಯಿಂದ ಏನಾದರೂ ಆಗುತ್ತದೆ ಎಂದು ಈ ಪ್ರಬಂಧದಿಂದ ಹೇಳಲಾಗುವುದಿಲ್ಲ. ದಯವಿಟ್ಟು ವಾರ್ಡಿನಲ್ಲಿ ಅದನ್ನು ಕೊಡಬೇಡಿ."

ತಿಪ್ಪೇಸ್ವಾಮಿ ಸರ್ ಏಲಕ್ಕಿ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ ಮಾಡುತ್ತಿದ್ದ ಸದ್ದು ಮಾತ್ರ ಕೇಳುತ್ತಿತ್ತು. ಆಗ ಮುಂದಿನ ಸಾಲಿನಿಂದ ಫಕೀರವ್ವ ಎದ್ದು ನಿಂತಳು, ಎರಡೂ ಕಾಲಿನ ಮೇಲೆ ಸರಿಯಾಗಿ. "ಬೆಲ್ಲದ ಚಾ ಬಿಟ್ಟದ್ದು ಹೇಳಲಿಲ್ಲ ನೀನು. ಎಲ್ಲಕ್ಕಿಂತ ಕಷ್ಟ ಅದ ಆಗಿತ್ತು," ಎಂದಳು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಆಮೇಲೆ ಸಭೆಯೆಲ್ಲ ನಕ್ಕಿತು. ಪರೀಕ್ಷಕರು ಬೇರೆ ಊರಿನವರಾದ್ದರಿಂದ ಅವರೊಬ್ಬರು ಪರದೆ ನೋಡುತ್ತಿದ್ದರು. ಜೀವಕೋಶಗಳು ಮೆಲ್ಲಗೆ ಮತ್ತೆ ಹರಡಿಕೊಂಡು ಬಿರುಕುಗಳನ್ನು ಮುಚ್ಚುತ್ತಿದ್ದವು.

ಡಿಗ್ರಿ ಅವತ್ತು ಸಿಗಲಿಲ್ಲ. ಹುದ್ದೆ ಇನ್ನೊಬ್ಬರಿಗೆ ಹೋಯಿತು. ಪ್ರಬಂಧವನ್ನು ಹೊಸದಾಗಿ ಬರೆಯಲು ಎರಡು ವರ್ಷ ಹಿಡಿಯಿತು. ಈ ಸಲ ಹದಿನಾಲ್ಕು ದಾನಿಗಳು. ಏಳು ಜನರ ತಟ್ಟೆಗೆ ಔಷಧಿ, ಏಳು ಜನರದಕ್ಕೆ ಇಲ್ಲ. ವಾರಕ್ಕೊಮ್ಮೆ ಹದಿನಾಲ್ಕು ಮನೆಗಳಿಗೂ ಹೋಗಿ ಕೂತೆ. ಯಾರು ಅಡುಗೆ ಮಾಡುತ್ತಾರೆ, ಯಾರು ಯಾರ ಜೊತೆ ಮಾತು ಬಿಟ್ಟಿದ್ದಾರೆ, ಎಲ್ಲ ಬರೆದುಕೊಂಡೆ. ನಾಲ್ಕು ಕೇಜಿ ದಪ್ಪಗಾದೆ. ಹನ್ನೆರಡನೇ ನಮೂನೆಯಿಂದ ಏನೂ ಆಗುವುದಿಲ್ಲ ಎಂದು ತಿಳಿಯಿತು. "ಹದಿಮೂರನೆಯದನ್ನ ಯಾರಾದರೂ ಶುರುಮಾಡಬಹುದು ಈಗ," ಎಂದರು ತಿಪ್ಪೇಸ್ವಾಮಿ ಸರ್. ಪ್ರಬಂಧಕ್ಕೆ ಸಹಿ ಹಾಕಿ, ತಲೆ ಎತ್ತದೆ, "ಮೊದಲನೇ ವರ್ಷದವರಿಗೆ ಪ್ರಾಕ್ಟಿಕಲ್ಸ್ ತಗೋತೀಯಾ? ಪಾಠ ಸರಿಯಾಗಿ ಗೊತ್ತಿರೋರು ಬೇಕಾದಷ್ಟು ಜನ ಇದ್ದಾರೆ. ತಪ್ಪು ಹೇಗೆ ಆಗುತ್ತೆ ಅಂತ ಗೊತ್ತಿರೋರು ಕಮ್ಮಿ," ಎಂದರು. ದಾನಿಗಳ ಕಾಗದದಿಂದ 'ಹಾಗೆಯೇ ಇರುತ್ತೇನೆ' ಎಂಬ ಸಾಲನ್ನು ವಿಭಾಗದವರು ಮೊದಲ ವೈವಾ ನಡೆದ ವರ್ಷವೇ ತೆಗೆದುಹಾಕಿದ್ದರು. ಈಗ ಅಲ್ಲಿ 'ಬದಲಾದರೆ ಹೇಳುತ್ತೇನೆ' ಎಂದಿದೆ.

ಆ ಎರಡು ವರ್ಷಗಳಲ್ಲೇ ಒಂದು ದಿನ ಫಕೀರವ್ವ ನನ್ನ ಉಗುರು ಕೇಳಿದ್ದಳು. "ನಂದು ನಿನ್ನ ಹಂತೇಕ ಐತಿ. ನಿಂದು ನನ್ನ ಹಂತೇಕ ಬ್ಯಾಡೇನು?" ಕತ್ತರಿಸಿ ಕೊಟ್ಟಿದ್ದೆ. ಎಲ್ಲಿಟ್ಟಳೋ ಕೇಳಿರಲಿಲ್ಲ.

ಮೊದಲ ತರಗತಿಯ ದಿನ ಲ್ಯಾಬಿಗೆ ಒಂದು ಗಂಟೆ ಮುಂಚೆಯೇ ಹೋಗಿ ತಟ್ಟೆಗಳನ್ನು ಜೋಡಿಸಿದೆ. ಮೂವತ್ತು ತಟ್ಟೆ, ಮೂವತ್ತು ಸೂಜಿ. ಎಣಿಸಿದೆ. ಮತ್ತೆ ಎಣಿಸಿದೆ. ವಿದ್ಯಾರ್ಥಿಗಳು ಬಂದು ಸಾಲಾಗಿ ನಿಂತರು. ಮೊದಲ ವಾಕ್ಯವನ್ನು ಬರೆದುಕೊಂಡು ಬಂದಿದ್ದೆ. ಆ ಚೀಟಿಯನ್ನು ಬಿಚ್ಚಿ ಹಿಡಿದೆ. ಅಷ್ಟರಲ್ಲಿ ಬಾಗಿಲಲ್ಲಿ ನಾಗವ್ವ ಕಾಣಿಸಿಕೊಂಡಳು. ಕೈಯಲ್ಲಿ ಬಟ್ಟೆ ಸುತ್ತಿದ ಡಬ್ಬಿ.

"ಅಕ್ಕ ಕಳಿಸ್ಯಾಳ. ಮುಂಜಾನಿಂದ ನಿನ್ನ ಉಗುರು ಅರಿಷಿಣದಂಗ ಆಗ್ಯಾವಂತ. ಏನೂ ತಿಂದಿಲ್ಲ ಅಕಿ, ಎರಡು ರೊಟ್ಟಿ ತಿಂದ ಮ್ಯಾಲೆ ಪಾಠ ಮಾಡಾಕ ಹೇಳು ಅಂದಳು."

ಮೂವತ್ತು ಜನ ನನ್ನ ಮುಖ ನೋಡಿದರು. ನಾನು ನಾಗವ್ವನನ್ನು ಕೇಳಿದೆ. "ಯಾವ ಬಾಟಲಿಯಲ್ಲಿ ಇಟ್ಟಿದ್ದಾಳೆ?"

"ಬಿಳಿ ಗಾಜಿಂದು. ಜಾಮಿಂದು. ತೊಳದು ಒಣಗಿಸಿ ಇಟ್ಟಾಳ."

ಹಾಗಾದರೆ ನಿಜವೇ. ಚೀಟಿಯನ್ನು ಮಡಿಚಿ ಜೇಬಿಗೆ ಹಾಕಿದೆ. ಸೂಜಿಗಳನ್ನೆಲ್ಲ ಕೆಳಗಿಡಿ, ಇವತ್ತು ಯಾರೂ ಮೈಕ್ರೋಸ್ಕೋಪ್ ಮುಟ್ಟುವುದಿಲ್ಲ, ನಿಮ್ಮ ತಟ್ಟೆಯ ಮೇಲೆ ಬರೆದಿರುವ ದಾನಿಯ ಹೆಸರು ಓದಿ, ಮಧ್ಯಾಹ್ನ ಅವರವರ ಮನೆಗೆ ಹೋಗುತ್ತೀರಿ ಎಂದು ವಿದ್ಯಾರ್ಥಿಗಳಿಗೆ ಹೇಳಿದೆ. ಹಿಂದೆ ನಿಂತಿದ್ದ ಹುಡುಗಿಯೊಬ್ಬಳು ಕೈ ಎತ್ತಿ, ಅಲ್ಲಿ ಹೋಗಿ ಏನು ಕೇಳಬೇಕು ಮೇಡಂ ಎಂದಳು. ಅವರು ಕೂತ್ಕೊಳ್ಳಿ ಅಂದರೆ ಕೂತ್ಕೊಳ್ಳಿ ಎಂದೆ. ಆಮೇಲೆ ಅವರೆಲ್ಲರ ಎದುರಿಗೇ ಸ್ಟೂಲಿನ ಮೇಲೆ ಕೂತು ಡಬ್ಬಿಯ ಮುಚ್ಚಳ ತೆಗೆದೆ.